ಬಾಲವಿಲ್ಲದ ಬಿರಡೆ

ಆಕೆ ಯಾವ ಮನೆಗೆ ಹೋದರೂ ಮೊದಲು ನೋಡುವುದು ಗೋಡೆಯ ತುದಿಯನ್ನು. ಮನೆಯವರ ಮುಖ ಆಮೇಲೆ. ಕುರ್ಚಿ ಎಳೆದು ಕೊಟ್ಟರೆ ಕೂರುವುದಿಲ್ಲ. ನೀರು ಕೊಟ್ಟರೆ ಲೋಟ ಕೈಯಲ್ಲೇ ಉಳಿಯುತ್ತದೆ, ಕಣ್ಣು ಮಾತ್ರ ಸೂರಿನ ಕೆಳಗೆ ಹರಿದಾಡುತ್ತಿರುತ್ತದೆ. ಎಲ್ಲೋ ಒಂದು ಗಾಳಿಕಿಂಡಿ ಕಂಡು, ಅದರಾಚೆ ಬೆಳಕಿನ ಚೂರೊಂದು ಕಂಡ ಮೇಲೆ ಅವಳ ಭುಜ ಸ್ವಲ್ಪ ಕೆಳಗಿಳಿಯುತ್ತದೆ. ಆಗ ‘ಚೆನ್ನಾಗಿದ್ದೀರಾ?’ ಎಂದು ಕೇಳುತ್ತಾಳೆ. ನೋಡಿದವರು ಇವಳಿಗೆ ಏನೋ ಹಿಡಿದಿದೆ ಎಂದುಕೊಳ್ಳುತ್ತಾರೆ. ಹಿಡಿದಿರುವುದು ನಿಜ. ಹಿಡಿದಿರುವುದು ಭಯ. ಅದು ಎಲ್ಲಿಂದ ಬಂದು ಹಿಡಿಯಿತು ಎಂದು ಬರೆಯದೇ ಹೋದರೆ ನನಗೆ ಅನ್ನ ಸೇರುವುದಿಲ್ಲ.

ಜೊತೆಯ ಕೆಲಸದವರು ಆಕೆಗಿಟ್ಟ ಹೆಸರು ಬಿರುಕಮ್ಮ. ಮೊದಲು ಆಕೆ ಬಣ್ಣ ಬಳಿಯುವವರ ಹಿಂದೆ ಏಣಿ ಹೊತ್ತುಕೊಂಡು ಹೋಗಿ ಗೋಡೆಗೆ ಪುಟ್ಟಿ ಮೆತ್ತುತ್ತಿದ್ದಳು. ಕೆಲಸವಿದ್ದ ದಿನ ಕೂಲಿ, ಇಲ್ಲದ ದಿನ ಅತ್ತೆಯ ಬೈಗುಳ. ಗಂಡ ದೂರದ ಊರುಗಳ ಬಸ್ಸು ಓಡಿಸುವವನು, ಮನೆಯಲ್ಲಿ ಇದ್ದರೂ ಅರ್ಧ ನಿದ್ದೆಯಲ್ಲಿರುವವನು. ಶಾಲೆಯ ಕೊನೆಯ ವರ್ಷದಲ್ಲಿರುವ ಒಬ್ಬಳೇ ಮಗಳು. ಒಂದು ಹಜಾರ, ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಕಿಟಕಿಯೇ ಇಲ್ಲದ ಬಚ್ಚಲು. ಬಚ್ಚಲಿನಲ್ಲಿ ಗ್ಯಾಸ್ ಗೀಸರ್, ಅದರ ಮೇಲೆ, ಸೂರಿಗೆ ತಾಗಿದಂತೆ, ಪಕ್ಕದ ಓಣಿಗೆ ತೆರೆದುಕೊಳ್ಳುವ ಅಂಗೈಯಗಲದ ಒಂದು ಕಿಂಡಿ. ಈ ಕಿಂಡಿಯನ್ನು ನೆನಪಿಟ್ಟುಕೊಳ್ಳಿ. ಈ ಕಥೆಯೆಲ್ಲ ಅದರೊಳಗಿಂದ ಹಾದುಹೋಗುತ್ತದೆ.

ನಮ್ಮ ಊರಿನ ಚಳಿ ಬಡವರನ್ನು ಹುಡುಕಿಕೊಂಡು ಬರುವ ಚಳಿ. ಹಳೆಯ ಇಟ್ಟಿಗೆ ಮನೆಗಳು, ಒಣಗಿ ಸೊರಗಿದ ಬಾಗಿಲುಗಳು, ಸಂದಿನಲ್ಲಿ ಶಿಳ್ಳೆ ಹೊಡೆಯುವ ಗಾಳಿ. ಎಷ್ಟು ಬಿಸಿ ಮಾಡಿದರೂ ಬಿಸಿ ಹೊರಗೆ ಓಡುತ್ತದೆ. ಓಡಿದಷ್ಟೂ ಇನ್ನಷ್ಟು ಉರಿಸಬೇಕು. ಉರಿಸಿದಷ್ಟೂ ಆಕಾಶಕ್ಕೆ ಹೊಗೆ. ಊರು ಬಿಡುವ ಈ ಹೊಗೆಯನ್ನು ತಗ್ಗಿಸುತ್ತೇವೆ ಎಂದು ನಗರಸಭೆ ಹೊರಟಿತು. ಮನೆಮನೆಯ ಬಿರುಕು ಮುಚ್ಚುವುದು, ಬಾಗಿಲಿನಡಿಗೆ ಬ್ರಷ್ಷಿನ ಪಟ್ಟಿ ಹೊಡೆಯುವುದು, ಬಿಸಿನೀರಿನ ಕೊಳವೆಗೆ ಶಾಖ ಆರದಂತೆ ದಪ್ಪ ಅಂಗಿ ತೊಡಿಸುವುದು. ಒಳ್ಳೆಯ ಕೆಲಸ ಎಂದು ನಾನೂ ಪತ್ರಿಕೆಯ ಇದೇ ಅಂಕಣದಲ್ಲಿ ಬರೆದಿದ್ದೆ. ಈಗಲೂ ಹೇಳುತ್ತೇನೆ, ಒಳ್ಳೆಯ ಕೆಲಸವೇ. ಹೋದ ಬೇಸಿಗೆಯಲ್ಲಿ ರಸ್ತೆ ಡಾಂಬರು ಚಪ್ಪಲಿಗೆ ಅಂಟಿಕೊಂಡದ್ದನ್ನು ಮರೆತವರು ಮಾತ್ರ ಇದಕ್ಕೆ ನಗಬಹುದು.

ಮನೆಗೆ ಬಂದ ಕರಪತ್ರವನ್ನು ಮೊಮ್ಮಗಳು ಓದಿ ಹೇಳಿದಾಗ, ಅದರಲ್ಲಿದ್ದ ‘ಹಸಿರುಮನೆ ಅನಿಲ’ ಎಂಬ ಮಾತನ್ನು ಹಿಡಿದುಕೊಂಡ ಅತ್ತೆ, ನಮ್ಮ ಮನೆಗೆ ಬಿಳಿ ಸುಣ್ಣ ಹೊಡೆದಿರುವಾಗ ಇವರಿಗೆ ನಮ್ಮ ಹತ್ತಿರ ಏನು ಕೆಲಸ ಎಂದು ಕೇಳಿದರಂತೆ. ಸೊಸೆಗೆ ಕೆಲಸ ಸಿಕ್ಕಿದ್ದು ಆ ಕರಪತ್ರದ ಹಿಂಬದಿಯಲ್ಲಿ. ಪುಟ್ಟಿ ಮೆತ್ತಿ ಗೊತ್ತಿರುವವರು ಬೇಕಾಗಿದ್ದಾರೆ ಎಂದು ಅಚ್ಚಾಗಿತ್ತು.

ಕೆಲಸದ ರೀತಿ ಹೀಗೆ. ಮನೆಯ ಮುಂಬಾಗಿಲಿಗೆ ಬಟ್ಟೆಯ ಚೌಕಟ್ಟೊಂದನ್ನು ಬಿಗಿದು, ನಡುವೆ ದೊಡ್ಡ ಫ್ಯಾನು ಕೂರಿಸಿ, ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತಾರೆ. ಆಗ ಇರುವ ಬಿರುಕುಗಳಿಂದೆಲ್ಲ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಬಿರುಕಮ್ಮ ಕೈಯ ಹಿಂಭಾಗವನ್ನು ನೀರಿನಲ್ಲಿ ಅದ್ದಿ ಗೋಡೆಯುದ್ದಕ್ಕೂ ಸರಿಸುತ್ತ ಹೋಗುತ್ತಾಳೆ. ಎಲ್ಲಿ ತಣ್ಣಗೆ ಚುಚ್ಚಿತೋ ಅಲ್ಲಿ ಬಿರುಕು. ಫ್ಯಾನಿನ ಪಕ್ಕದ ಯಂತ್ರ ಮನೆ ಎಷ್ಟು ಸೋರುತ್ತಿದೆ ಎಂದು ಅಂಕಿ ತೋರಿಸುತ್ತದೆ. ಆದರೆ ಬೇಕೆಂದೇ ಬಿಟ್ಟ ಕಿಂಡಿಗಳೂ ಇರುತ್ತವಲ್ಲ? ಒಲೆಯ ಮೇಲಿನದು, ಗೀಸರಿನ ಮೇಲಿನದು. ಪರೀಕ್ಷೆಯ ಹೊತ್ತಿಗೆ ಅವನ್ನು ಬಿರಡೆ ಹಾಕಿ ಮುಚ್ಚುತ್ತಾರೆ, ಇಲ್ಲದಿದ್ದರೆ ಅಂಕಿ ಸುಳ್ಳಾಗುತ್ತದೆ. ಸ್ಪಂಜನ್ನು ಕಿಂಡಿಯ ಅಳತೆಗೆ ಕತ್ತರಿಸಿ, ಬಿಳಿ ಪ್ಲಾಸ್ಟಿಕ್ಕು ಸುತ್ತಿ, ಮೊಳದುದ್ದದ ಕೆಂಪು ಪಟ್ಟಿಯೊಂದನ್ನು ಹೊಲಿದ ಬಿರಡೆ. ಆ ಪಟ್ಟಿಗೆ ಕೆಲಸದವರು ಬಾಲ ಎನ್ನುತ್ತಾರೆ. ಪರೀಕ್ಷೆ ಮುಗಿದ ಮೇಲೆ ಬಾಲ ಹಿಡಿದು ಎಳೆದರೆ ಬಿರಡೆ ಕೈಗೆ ಬರುತ್ತದೆ. ಹೊರಡುವ ಮುನ್ನ ಒಂದು ಸುತ್ತು ಕಣ್ಣಾಡಿಸುತ್ತಾರೆ. ಕಣ್ಣಿಗೆ ಕೆಂಪು ಬೀಳದಿದ್ದರೆ ಎಲ್ಲ ಕಿಂಡಿ ತೆರೆದಿದೆ ಎಂದರ್ಥ. ಚೀಲ ಕಟ್ಟಬಹುದು.

ಕಿಂಡಿ ಮುಚ್ಚಿದ ಕೋಣೆಯಲ್ಲಿ ಗ್ಯಾಸು ಉರಿದರೆ ಏನಾಗುತ್ತದೆ ಎಂದು ಮೊದಲ ವಾರದ ತರಬೇತಿಯಲ್ಲೇ ಹೇಳಿದ್ದರು. ಬೆಂಕಿಗೆ ಗಾಳಿ ಸಾಲದೆ ಹೋದಾಗ ಅದು ಅರೆಬರೆ ಉರಿದು ವಿಷ ಕಾರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಸಹ ಬರುವುದಿಲ್ಲ. ತಲೆನೋವು, ತೂಕಡಿಕೆ, ಆಮೇಲೆ ಏಳದ ನಿದ್ದೆ. ಆಕೆಗೆ ಇದು ಗೊತ್ತಿತ್ತು. ಗೊತ್ತಿದ್ದರಿಂದಲೇ ಬೇರೆಯವರ ಮನೆಗಳಲ್ಲಿ ಬಾಲಗಳನ್ನು ಕೊರಳಿಗೆ ಹಾರದ ಹಾಗೆ ಹಾಕಿಕೊಂಡೇ ಹೊರಗೆ ಬರುತ್ತಿದ್ದಳು.

ಇವರ ಮೇಲ್ವಿಚಾರಕನಿಗೆ ಪರ್ಸೆಂಟ್ ಸರ್ ಎಂದು ಹೆಸರು. ಲಂಚ ತಿನ್ನುವವನಲ್ಲ, ಬಾಯಿ ತೆರೆದರೆ ಶೇಕಡಾ ಲೆಕ್ಕ ಬರುತ್ತಿದ್ದರಿಂದ ಬಂದ ಹೆಸರು. ನಗರಸಭೆಯ ಮುಂದೆ ಊರಿನ ಹೊಗೆ ಎಷ್ಟು ಇಳಿಯಿತು ಎಂದು ತೋರಿಸುವ ದೊಡ್ಡ ಬೋರ್ಡು ನಿಲ್ಲಿಸಿದ್ದರು, ಅದರ ಕೆಳಗೆ ಮಾದರಿ ಮನೆಗಳ ಫೋಟೋ. ಬೋರ್ಡಿನ ಅಂಕಿ ಇಳಿಯದ ವಾರ ಆತನ ಮುಖವೂ ಇಳಿಯುತ್ತಿತ್ತು. ಮೇಲಿನವರು ಅವನನ್ನು ಹಿಂಡುತ್ತಿದ್ದರು, ಅವನು ಇವರನ್ನು. ಹಿಂಡುವವರ ಆ ಸಾಲಿನ ತುದಿಯಲ್ಲಿ ಯಾರಿದ್ದರೋ, ಅವರ ಮನೆಯ ಬಚ್ಚಲಿಗೆ ಮಾತ್ರ ದೊಡ್ಡ ಕಿಟಕಿ ಇತ್ತು ಎಂದು ಬೇಕಾದರೆ ಬರೆದುಕೊಡುತ್ತೇನೆ.

ಚಳಿಗೆ ಇನ್ನೂ ಮುಂಚೆ, ನಗರಸಭೆಯ ಅಧ್ಯಕ್ಷರು ಬಂದು ಒಂದು ಮಾದರಿ ಮನೆ ನೋಡುತ್ತಾರೆ ಎಂದಾಯಿತು. ಪರ್ಸೆಂಟ್ ಸರ್ ಬಿರುಕಮ್ಮನ ಮನೆಯನ್ನೇ ಆರಿಸಿದ. ಬಿರುಕು ಮುಚ್ಚುವವಳ ಮನೆ, ಕೇಳುವುದಕ್ಕೂ ಚೆಂದ. ಆಕೆ ವಾರವಿಡೀ ಸಂಜೆ ಮನೆಗೆ ಬಂದು ಮತ್ತೆ ಅದೇ ಕೆಲಸ ಮಾಡಿದಳು. ಬಾಗಿಲುಗಳನ್ನು ಉಜ್ಜಿ ಚೌಕಟ್ಟಿಗೆ ಬಿಗಿಯಾಗಿ ಕೂರಿಸಿದಳು. ಬಚ್ಚಲಿನ ಬಾಗಿಲಿನಡಿಗೂ ಬ್ರಷ್ಷಿನ ಪಟ್ಟಿ ಹೊಡೆದಳು. ಗೀಸರಿನಿಂದ ಹೊರಡುವ ಕೊಳವೆಗೆ ತೊಡಿಸಿದ ಅಂಗಿಯಂತೂ ದರ್ಜಿಯೇ ಹೊಲಿದಂತಿತ್ತು. ಗೋಡೆಗೆ ಹೊಸ ಬಿಳಿ ಬಣ್ಣ.

ಅತ್ತೆ ಮೂಲೆಯಲ್ಲಿ ಕೂತು ನೋಡುತ್ತಿದ್ದರು. ಆಮೇಲೆ ಹೇಳಿದರು, “ಮನೆ ಕಟ್ಟಿದ್ದು ನಿಮ್ಮ ಮಾವ. ಡಬ್ಬಿ ಮಾಡಿದ್ದು ನೀನು. ಮುಚ್ಚಳ ಹಾಕೋವಾಗ ಒಂದು ಮಾತು ಹೇಳು, ನಾನು ಆಚೆ ಹೋಗ್ತೀನಿ.”

ಅಧ್ಯಕ್ಷರು ಬಂದ ದಿನ ಫ್ಯಾನು ತಿರುಗಿತು, ಅಂಕಿ ಚೆನ್ನಾಗಿ ಬಂತು, ಚಪ್ಪಾಳೆಯಾಯಿತು. ಅಂಗಿ ತೊಟ್ಟ ಕೊಳವೆಯ ಪಕ್ಕ ಅಧ್ಯಕ್ಷರನ್ನು ನಿಲ್ಲಿಸಿ ಫೋಟೋ ತೆಗೆಯುವುದೆಂದಾಯಿತು. ಇಕ್ಕಟ್ಟಿನ ಬಚ್ಚಲಿನಲ್ಲಿ ಫೋಟೋದವನು ಬಾಗಿಲಿಗೆ ಬೆನ್ನು ಕೊಟ್ಟು ನೋಡಿದ. ಅಧ್ಯಕ್ಷರ ತಲೆಯ ಮೇಲೆ, ಬಿಳಿ ಗೋಡೆಯ ಮೇಲೆ, ಕಿಂಡಿಯ ಬಿರಡೆಯ ಕೆಂಪು ಬಾಲ ನೇತಾಡುತ್ತಿತ್ತು.

“ಅಮ್ಮಾ, ಆ ಕೆಂಪು ನಾಲಿಗೆ ಒಳಗೆ ಹಾಕ್ಸಿ. ಗೋಡೆ ಅಣಕಿಸ್ದಂಗಿದೆ,” ಎಂದ.

ಎಲ್ಲರೂ ನಕ್ಕರು. ಬಿರಡೆಯನ್ನೇ ಕಿತ್ತರೆ ಕಪ್ಪು ತೂತು ಫೋಟೋದಲ್ಲಿ ಬರುತ್ತದೆ ಎಂದು ಪರ್ಸೆಂಟ್ ಸರ್ ಹೇಳಿದ. ಬಿರುಕಮ್ಮ ಏಣಿ ಹತ್ತಿ, ಸೊಂಟದ ಕತ್ತರಿಯಿಂದ ಬಾಲವನ್ನು ಬುಡದಲ್ಲೇ ಕತ್ತರಿಸಿ ಚೀಲದ ಪಕ್ಕದ ಜೇಬಿಗೆ ತುರುಕಿದಳು. ಬಿಳಿ ಗೋಡೆಯಲ್ಲಿ ಬಿಳಿ ಬಿರಡೆ ಮಾಯವಾಯಿತು. ಫೋಟೋ ಬಹಳ ಚೆನ್ನಾಗಿ ಬಂತು.

ಬಂದವರು ಹೋದರು. ಅವರು ಕುಡಿದಿಟ್ಟ ಲೋಟ ತೊಳೆದು, ಆಕೆ ಎಂದಿನ ಹಾಗೆ ಬಾಲಗಳನ್ನು ಹಿಡಿದೆಳೆದಳು. ಅಡುಗೆಮನೆಯದು ಬಂತು, ಕೋಣೆಯದು ಬಂತು. ಮನೆಯಲ್ಲಿ ಒಂದು ಸುತ್ತು ಕಣ್ಣಾಡಿಸಿದಳು. ಎಲ್ಲೂ ಕೆಂಪಿಲ್ಲ. ಚೀಲ ಕಟ್ಟಿದಳು.

ಆ ಫೋಟೋವನ್ನು ಪರ್ಸೆಂಟ್ ಸರ್ ಎಲ್ಲ ತಂಡಗಳ ಫೋನಿಗೂ ಕಳಿಸಿದ. ಇನ್ನು ಮುಂದೆ ಫೋಟೋ ಹೀಗಿರಬೇಕು ಎಂದು ಕೆಳಗೆ ಬರೆದಿದ್ದ.

ಕೆಲವು ವಾರ ಏನೂ ಆಗಲಿಲ್ಲ. ಹಗಲು ಬೆಚ್ಚಗಿತ್ತು, ಮಕ್ಕಳು ತಣ್ಣೀರಿನಲ್ಲೇ ಮುಖ ತೊಳೆಯುವಷ್ಟು. ಮೋಸ ಇರುವುದೇ ಇಲ್ಲಿ. ತಪ್ಪು ನಡೆದ ದಿನವೇ ಅದರ ಫಲ ಕಂಡಿದ್ದರೆ ಯಾರಾದರೂ ಎರಡನ್ನೂ ಜೋಡಿಸಿಬಿಡುತ್ತಿದ್ದರು. ಚಳಿ ಬಂದಾಗ ಬಚ್ಚಲಿನ ಆ ಬಾಲದ ನೆನಪು ಯಾರಿಗೂ ಇರಲಿಲ್ಲ.

ಚಳಿ ಬಂದ ಮೇಲೆ ಮಗಳಿಗೆ ತಲೆನೋವು ಶುರುವಾಯಿತು. ಬೆಳಗ್ಗೆ ಸ್ನಾನ ಮುಗಿಸಿ ಬಂದವಳೇ ಮಂಚದ ಅಂಚಿಗೆ ಕೂತು ಹಣೆ ಹಿಡಿದುಕೊಳ್ಳುವಳು. ತಿಂಡಿ ಬೇಡ, ವಾಕರಿಕೆ. ಶಾಲೆಯಿಂದ ಮೇಷ್ಟ್ರು ಫೋನು ಮಾಡಿ, ನಿಮ್ಮ ಹುಡುಗಿ ಮೊದಲ ಪಾಠದಲ್ಲಿ ತೂಕಡಿಸುತ್ತಾಳೆ, ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತಾಳೆ ಎಂದರು. ಮಧ್ಯಾಹ್ನಕ್ಕೆ ಸರಿಹೋಗುವ ರೋಗಕ್ಕೆ ತಾಯಂದಿರು ಕೊಡುವ ಹೆಸರು ಸೋಮಾರಿತನ. ಬಿರುಕಮ್ಮ ಮಗಳ ಫೋನು ಕಿತ್ತಿಟ್ಟಳು. ಪರೀಕ್ಷೆ ಹತ್ತಿರ ಬಂದಾಗ ತಲೆ ನೋಯುವುದು ಯಾರಿಗೂ ಹೊಸದಲ್ಲ ಎಂದು ಚುಚ್ಚಿದಳು. ಹುಡುಗಿ ಉತ್ತರ ಕೊಡಲಿಲ್ಲ. ಉತ್ತರ ಕೊಡದೇ ಇರುವುದು ಅವಳ ಸ್ವಭಾವವಲ್ಲ ಎಂದು ತಾಯಿಗೆ ಹೊಳೆದದ್ದು ಬಹಳ ಆಮೇಲೆ.

ಒಂದು ದಿನ ಅತ್ತೆ ಸ್ನಾನ ಮಾಡುವಾಗ ಬಚ್ಚಲಿನಲ್ಲೇ ಕುಸಿದು ಕೂತರು. ಕಾಲಿನ ಬಲ ಹೋಯಿತು ಎಂದರು. ವಯಸ್ಸು ಎಂದು ಎಲ್ಲರೂ ಒಪ್ಪಿಕೊಂಡರು, ಅತ್ತೆ ಒಬ್ಬರನ್ನು ಬಿಟ್ಟು. ಅಂದಿನಿಂದ ಅವರು ಬಚ್ಚಲಿಗೆ ಹೋದರೆ ಬಾಗಿಲು ಪೂರ್ತಿ ಹಾಕುತ್ತಿರಲಿಲ್ಲ. ಹಜಾರದ ಕಿಟಕಿಯನ್ನು ಕದ್ದು ತೆರೆದು, ಅದು ಮುಚ್ಚಿಕೊಳ್ಳದ ಹಾಗೆ ತಮ್ಮ ಹಳೆಯ ಚಪ್ಪಲಿಯೊಂದನ್ನು ಸಂದಿಗೆ ಸಿಕ್ಕಿಸುತ್ತಿದ್ದರು. ಸೊಸೆ ಕೆಲಸದಿಂದ ಬಂದವಳು ಮೊದಲು ಆ ಚಪ್ಪಲಿ ಕಿತ್ತೆಸೆಯುತ್ತಿದ್ದಳು. ಮಾದರಿ ಮನೆ ನೋಡಲು ಯಾರು ಯಾವಾಗ ಬರುತ್ತಾರೋ ಹೇಳುವ ಹಾಗಿಲ್ಲ. ಕಿಟಕಿಯಲ್ಲಿ ಚಪ್ಪಲಿ ಕಂಡರೆ ಮಾನ ಹೋಗುತ್ತದೆ.

“ಅತ್ತೆ, ಊರಿಗೆಲ್ಲ ಬಿರುಕು ಮುಚ್ಚಿ ಅಂತ ಹೇಳೋಳು ನಾನು. ನೀವು ನಮ್ಮನೇಲೇ ಬಿರುಕು ಮಾಡ್ತಿದ್ದೀರಿ.”

“ನೀನು ಸಂಬಳಕ್ಕೆ ಉಸಿರು ಕಟ್ಕೋ. ನನಗೆ ಯಾರೂ ಸಂಬಳ ಕೊಡಲ್ಲ ಕಣೇ.”

ಈ ಜಗಳ ಕೇಳಿ ಓಣಿಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆನೇನೋ. ಒಂದು ವಿಷಯ ಮಾತ್ರ ಈಗ ನೆನೆದರೆ ಬೆನ್ನು ತಣ್ಣಗಾಗುತ್ತದೆ: ಆ ಮನೆಯಲ್ಲಿ ಅಷ್ಟು ದಿನ ಮೂರು ಜೀವ ಉಳಿದದ್ದು ಬಹುಶಃ ಆ ಹರಕು ಚಪ್ಪಲಿಯ ದಯೆಯಿಂದ. ಅದನ್ನು ದಿನಾ ಕಿತ್ತು ಬಿಸಾಡುತ್ತಿದ್ದವಳು, ಊರಿನಲ್ಲಿ ಈ ಅಪಾಯ ಚೆನ್ನಾಗಿ ಗೊತ್ತಿದ್ದ ಕೆಲವೇ ಜನರಲ್ಲಿ ಒಬ್ಬಳು.

ಅದೊಂದು ಭಾನುವಾರ. ಹೊರಗೆ ಹಿಮಗಾಳಿ. ಗಂಡ ಬಸ್ಸಿನ ಮೇಲೆ ಹೋಗಿದ್ದ. ಅತ್ತೆಗೆ ಕೆಮ್ಮು ಹತ್ತಿದ್ದರಿಂದ, ನೀವೇ ತೆರೆದ ಕಿಟಕಿಯಿಂದ ಬಂದದ್ದು ಎಂದು ಸೊಸೆ ಗದರಿಸಿ, ಕಿಟಕಿ ಭದ್ರವಾಗಿ ಮುಚ್ಚಿ, ಚಪ್ಪಲಿಯನ್ನು ಮಾಡಿನ ಮೇಲೆ ಎಸೆದಿದ್ದಳು. ಮಗಳು ತಲೆಗೆ ಸ್ನಾನ ಮಾಡಲು ಹೋಗಿದ್ದಳು. ಬಿರುಕಮ್ಮ ಹಜಾರದ ನೆಲದಲ್ಲಿ ಕೂತು, ಮುಂದಿನ ವಾರಕ್ಕೆ ಹೊಸ ಬಿರಡೆಗಳನ್ನು ಹೊಲಿಯುತ್ತಿದ್ದಳು. ಹಳೆಯ ಬಿರಡೆಗಳೂ ಬಾಲಗಳೂ ಸುತ್ತ ಹರಡಿದ್ದವು. ದಾರದುಂಡೆ ಹುಡುಕಲು ಚೀಲದ ಪಕ್ಕದ ಜೇಬಿಗೆ ಕೈ ಹಾಕಿದಳು.

ಕೈಗೆ ಬಂದದ್ದು ಒಂದು ಬಾಲ. ಬಾಲ ಮಾತ್ರ. ತುದಿಯಲ್ಲಿ ಬಿರಡೆ ಇಲ್ಲ.

ಆಕೆ ಅದನ್ನು ತಿರುಗಿಸಿ ನೋಡಿದಳು. ಹೊಲಿಗೆ ಬಿಚ್ಚಿದ್ದಲ್ಲ, ಕತ್ತರಿಸಿದ್ದು. ಯಾರು ಕತ್ತರಿಸಿದರು ಇದನ್ನು? ತಂಡದ ಹುಡುಗಿಯರ ಕೆಲಸವೇ? ಕತ್ತರಿಸಿದ ಬಾಲ ಇಲ್ಲಿದ್ದರೆ ಬಿರಡೆ ಎಲ್ಲಿ ಎಂದು ಬೈಯಲು ಬಾಯಿ ತೆರೆದಳು. ಬಿಳಿ ಗೋಡೆ. ಅಧ್ಯಕ್ಷರ ತಲೆ. ಏಣಿ. ತನ್ನ ಕೈ. ತನ್ನ ಕತ್ತರಿ.

ಆಗ ಅವಳ ಕಿವಿಗೆ ನೀರಿನ ಸದ್ದು ಬಿತ್ತು. ಅದು ಮೊದಲಿನಿಂದಲೂ ಬೀಳುತ್ತಲೇ ಇತ್ತು. ಒಂದೇ ಸಮನೆ, ಮೈಮೇಲೆ ಬಿದ್ದು ಚದುರುವ ಸದ್ದಲ್ಲ, ಬಕೆಟ್ಟು ತುಂಬಿ ಹೊರಗೆ ಹರಿಯುವ ಸದ್ದು.

ಮಗಳನ್ನು ಕರೆದಳು. ಉತ್ತರವಿಲ್ಲ. ಬಾಗಿಲು ಬಡಿದಳು. ಒಳಗಿನಿಂದ ಚಿಲಕ. ಭುಜ ಕೊಟ್ಟು ನೂಕಿದಳು. ಬಾಗಿಲು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಎಲ್ಲೂ ಸಂದು ಬಿಡದ ಹಾಗೆ ಚೌಕಟ್ಟಿಗೆ ಕೂರಿಸಿದ್ದವಳು ಅವಳೇ ತಾನೆ? ಕಬ್ಬಿಣದ ಸಲಾಕೆ ತೂರಿಸೋಣವೆಂದರೆ ತೂರಿಸಲು ಸಂದಿಲ್ಲ. ಕೆಳಗೆ ಬೆರಳು ಹಾಕೋಣವೆಂದರೆ ಬ್ರಷ್ಷಿನ ಪಟ್ಟಿ. ಅವಳು ಜೀವಮಾನದಲ್ಲಿ ಮಾಡಿದ ಅತ್ಯುತ್ತಮ ಕೆಲಸ ಎದುರಿಗೆ ನಿಂತು ಮಗಳನ್ನು ಕೊಡುವುದಿಲ್ಲ ಎನ್ನುತ್ತಿತ್ತು.

ಅತ್ತೆ ಎದ್ದು ಬಂದಿದ್ದರು. ಸೊಸೆಯ ಕೈಯಲ್ಲಿದ್ದ ಬಾಲ ನೋಡಿದರು, ಮುಖ ನೋಡಿದರು. ಹೊರಗೆ ಹೋಗಿ ಪಕ್ಕದ ಮನೆಯ ಬೀಗ ರಿಪೇರಿಯವನನ್ನು ಕೂಗಿದರು. ಅಷ್ಟು ದೊಡ್ಡ ದನಿ ಆ ಮುದುಕಿಯಲ್ಲಿತ್ತು ಎಂದು ಓಣಿಗೆ ಅಂದೇ ಗೊತ್ತಾದದ್ದು.

ಬಿರುಕಮ್ಮ ಏಣಿ ಎತ್ತಿಕೊಂಡು ಓಣಿಗೆ ಓಡಿದಳು. ಹೊರಗಿನಿಂದ ಕಿಂಡಿಯವರೆಗೆ ಹತ್ತಿ, ಪೊರಕೆಯ ಹಿಡಿಯಿಂದ ಬಿರಡೆಯನ್ನು ಒಳಕ್ಕೆ ತಿವಿದಳು. ಬರಲಿಲ್ಲ. ಪರೀಕ್ಷೆಗೆಂದು ಬಿಗಿಯಾಗಿ ತುರುಕಿದ್ದದ್ದು. ಮತ್ತೆ ತಿವಿದಳು, ಮತ್ತೆ, ಅಂಗೈ ಸುಲಿಯುವ ತನಕ. ಕೊನೆಗೊಮ್ಮೆ ಅದು ಒಳಗೆ ಬಿದ್ದ ಸದ್ದು ಕೇಳಿತು, ನೀರಿನಲ್ಲಿ. ಕಿಂಡಿಯಿಂದ ಬೆಚ್ಚನೆಯ ಹಬೆ ಅವಳ ಮುಖಕ್ಕೆ ಬಡಿಯಿತು. ಅದರಲ್ಲಿ ಸೋಪಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಈಗಲೂ ಸೋಪಿನ ವಾಸನೆ ಬಂದರೆ ಅವಳು ಎದ್ದು ಕಿಟಕಿ ತೆರೆಯುತ್ತಾಳೆ.

ಅಷ್ಟರಲ್ಲಿ ಬೀಗ ರಿಪೇರಿಯವನು ಬಾಗಿಲಿನ ತಿರುಗಣಿಗಳನ್ನೇ ಕಿತ್ತಿದ್ದ. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು, ತಲೆ ಎದೆಯ ಮೇಲೆ. ಕೆನ್ನೆ ಕೆಂಪಗೆ, ಆಟ ಆಡಿ ಬಂದ ಮಗುವಿನ ಹಾಗೆ. ಗೀಸರು ಉರಿಯುತ್ತಲೇ ಇತ್ತು. ಅಜ್ಜಿ ಸೀರೆಯೊಂದನ್ನು ಸುತ್ತಿದರು. ಬೀಗದವನು ಹೊತ್ತು ಹೊರಗೆ ತಂದು ಹಿಮಗಾಳಿಯಲ್ಲಿ ಮಲಗಿಸಿದ. ಆಂಬುಲೆನ್ಸ್ ಬರುವಷ್ಟರಲ್ಲಿ ಒಮ್ಮೆ ವಾಂತಿ ಮಾಡಿಕೊಂಡಳು. ಮಗು ವಾಂತಿ ಮಾಡಿಕೊಂಡದ್ದಕ್ಕೆ ಒಬ್ಬ ತಾಯಿ ಅಷ್ಟು ಸಂತೋಷಪಟ್ಟದ್ದನ್ನು ನಾನು ಕೇಳಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ: ಮನೆಯಲ್ಲಿ ಏನು ಉರಿಯುತ್ತೆ? ಹುಡುಗಿಯ ಮುಖಕ್ಕೆ ಆಮ್ಲಜನಕದ ಮುಸುಕು ಹಾಕಿದರು. ಉಳಿಯುತ್ತಾಳೆ, ಆದರೆ ಎದ್ದ ಮೇಲೆ ಎಲ್ಲ ಮೊದಲಿನ ಹಾಗೆ ನೆನಪಿರುತ್ತದೋ ಇಲ್ಲವೋ ನೋಡಬೇಕು ಎಂದರು. ಬಿರುಕಮ್ಮ ಮಂಚದ ಪಕ್ಕ ನಿಂತು ಆ ಮುಸುಕು ಮಂಜಾಗುವುದನ್ನೂ ತಿಳಿಯಾಗುವುದನ್ನೂ ನೋಡುತ್ತಿದ್ದಳು.

ಅಲ್ಲಿ ನಿಂತಿರುವಾಗಲೇ ಎರಡನೆಯ ಭಯ ಬಂತು. ಫೋಟೋ. ಎಲ್ಲ ತಂಡಗಳ ಫೋನಿನಲ್ಲೂ ಇರುವ, ಕೆಂಪು ಬಾಲವಿಲ್ಲದ ಬಿಳಿ ಗೋಡೆಯ ಫೋಟೋ. ಅಂದಿನಿಂದ ಹುಡುಗಿಯರು ಫೋಟೋಗೆ ಮುಂಚೆ ಬಾಲ ಕತ್ತರಿಸುವುದನ್ನು ಅವಳೇ ನೋಡಿದ್ದಳು. ಕೆಲವರು ಮಡಚಿ ಒಳಗೆ ತುರುಕುತ್ತಿದ್ದರು. ಫೋಟೋ ಆದ ಮೇಲೆ ಬಿರಡೆ ತೆಗೆಯುತ್ತಾರಲ್ಲ ಎಂದು ಬಿಟ್ಟಿದ್ದಳು; ಶುರುಮಾಡಿದವಳು ಅವಳೇ ಅಲ್ಲವೇ. ಹೊರಡುವಾಗ ಎಲ್ಲರೂ ಕಣ್ಣಾಡಿಸುತ್ತಿದ್ದದ್ದು ಕೆಂಪಿಗಾಗಿ.

ಸುದ್ದಿ ತಿಳಿದು ಪರ್ಸೆಂಟ್ ಸರ್ ಆಸ್ಪತ್ರೆಗೆ ಬಂದ. ಹಣ್ಣು ತಂದಿದ್ದ. ಆಕೆ ಅವನನ್ನು ಮೊಗಸಾಲೆಗೆ ಕರೆದೊಯ್ದು ಎಲ್ಲ ಹೇಳಿದಳು. ಅವನು ಸುತ್ತ ಯಾರಾದರೂ ಕೇಳಿದರೇ ಎಂದು ನೋಡಿ, ದನಿ ತಗ್ಗಿಸಿದ.

“ನಾಳೆ ಎಲ್ಲರಿಗೂ ತಿಳಿಸೋಣ ಕಣಮ್ಮಾ. ಇವತ್ತು ಭಾನುವಾರ, ಆಫೀಸೇ ತೆಗ್ದಿರಲ್ಲ. ಈಗ ಗಲಾಟೆ ಮಾಡಿದ್ರೆ ಯೋಜನೇನೇ ನಿಂತೋಗತ್ತೆ.”

“ಸರ್, ಭಾನುವಾರ ಜನ ತಲೆಗೆ ಸ್ನಾನ ಮಾಡ್ತಾರೆ.”

ಅವನು ಗೋಡೆಗೆ ಒರಗಿದ. ಈ ಮನುಷ್ಯನನ್ನು ಬೈಯಬೇಕೆಂದು ನಾನು ಎಷ್ಟೋ ಸಲ ಪೆನ್ನು ಹಿಡಿದಿದ್ದೇನೆ. ಆದರೆ ನಡೆದದ್ದನ್ನು ಬರೆಯಬೇಕು. ಅವನು ಹಣ್ಣಿನ ಚೀಲ ನೆಲಕ್ಕಿಟ್ಟು, ಅಲ್ಲೇ ನಿಂತು ಒಂದೊಂದೇ ತಂಡಕ್ಕೆ ಫೋನು ಮಾಡತೊಡಗಿದ. ಅಂದು ಅವನ ಬಾಯಲ್ಲಿ ಶೇಕಡಾ ಎಂಬ ಮಾತು ಬರಲಿಲ್ಲ. ಮನೆಯವರ ಫೋನು ನಂಬರುಗಳೆಲ್ಲ ಆಫೀಸಿನ ಬೀಗದೊಳಗಿದ್ದವು. ಹಾಗಾಗಿ ತಂಡದವರು ತಾವು ತಾವು ಮುಚ್ಚಿದ ಮನೆಗಳಿಗೆ ತಾವೇ ಓಡಬೇಕಾಯಿತು.

ಬಿರುಕಮ್ಮನೂ ಓಡಬೇಕಿತ್ತು. ಮಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಆಕೆ ಮಂಚದ ಕಂಬಿ ಹಿಡಿದುಕೊಂಡು ನಿಂತಳು, ಬಿಡಲೂ ಆಗದೆ, ಇರಲೂ ಆಗದೆ. ಅತ್ತೆ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

“ಹೋಗು. ನಿನ್ನ ಮಗಳ ಉಸಿರು ನಾನು ನೋಡ್ಕೋತೀನಿ. ಅಲ್ಲಿರೋರಿಗೆ ಯಾರ ಅತ್ತೇನೂ ಕಿಟಕೀಲಿ ಚಪ್ಪಲಿ ಇಟ್ಟಿರಲ್ಲ.”

ಆ ಹಗಲು ಆಕೆ ಏಣಿ ಹೊತ್ತುಕೊಂಡು ಬೀದಿ ಬೀದಿ ಅಲೆದಳು. ಬಾಗಿಲು ತೆರೆದವರಿಗೆ ಒಂದೇ ಮಾತು, ಗೀಸರು ಆರಿಸಿ. ಕೆಲವರು ಗಾಬರಿಯಾದರು, ಕೆಲವರು ರೇಗಿದರು. ಕಿಂಡಿಗಿಂಡಿ ಮುಟ್ಟಬೇಡಿ ಎಂದು ಹೇಳಿ ಹೋದವಳೂ ನೀನೇ ಅಲ್ಲವೇ ಎಂದು ಕೇಳಿದ ಒಬ್ಬ ಹೋಟೆಲ್ ಮಾಣಿಯ ಮನೆಯಲ್ಲಿ, ಅವನ ಹೆಂಡತಿ ಹಣೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಅಲ್ಲಿ ಬಿರಡೆ ಇತ್ತು. ಬಹಳ ಮನೆಗಳಲ್ಲಿ ಕಿಂಡಿ ತೆರೆದೇ ಇತ್ತು. ಆದರೆ ಏಣಿ ಹತ್ತಿ ಬೆರಳು ಹಾಕುವ ತನಕ ಯಾವ ಮನೆ ಯಾವುದೆಂದು ತಿಳಿಯುವ ದಾರಿಯೇ ಇರಲಿಲ್ಲ. ಪ್ರತಿ ಸಲವೂ ಬೆರಳು ಸ್ಪಂಜಿಗೆ ತಾಗುತ್ತದೋ ಗಾಳಿಗೆ ತಾಗುತ್ತದೋ ಎಂಬ ಆ ಕ್ಷಣವಿದೆಯಲ್ಲ, ಅದನ್ನು ಆಕೆ ಇನ್ನೂ ಕನಸಿನಲ್ಲಿ ಕಾಣುತ್ತಾಳೆ.

ಕೊನೆಯದು ಒಬ್ಬ ನರ್ಸಿನ ಮನೆ. ಒಂಟಿ ಹೆಣ್ಣು, ರಾತ್ರಿ ಪಾಳಿ ಮುಗಿಸಿ ಬಂದು ಬಿಸಿನೀರು ಸುರಿದುಕೊಂಡು ಮಲಗುವವಳು. ಬಾಗಿಲು ಒಳಗಿನಿಂದ ಹಾಕಿದಂತಿತ್ತು. ಹೊರಗೆ ಬೀಗ ಕಾಣಲಿಲ್ಲ. ಬಡಿದರೆ ಸದ್ದಿಲ್ಲ. ಕಿಟಕಿಗೆ ಮುಖ ಒತ್ತಿದರೆ ಪರದೆ. ಗಾಜಿನ ಅಂಚಿಗೆ ತಾನೇ ಮೆತ್ತಿದ ಪುಟ್ಟಿಯ ಮೇಲೆ ತನ್ನದೇ ಹೆಬ್ಬೆರಳಿನ ಗುರುತು. ಆಕೆ ಕಲ್ಲು ಹುಡುಕಿ, ಗಾಜು ಒಡೆಯಲು ಕೈ ಎತ್ತಿದಾಗ ಹಿಂದಿನಿಂದ ಯಾರೋ ಕೇಳಿದರು:

“ಯಾಕಕ್ಕಾ, ಮುಚ್ಚಿದ್ದು ಸಾಲ್ದು ಅಂತ ಈಗ ಒಡೀತಿದ್ದೀರಾ?”

ನರ್ಸು. ಕೈಯಲ್ಲಿ ತರಕಾರಿ ಚೀಲ. ಬಾಗಿಲಿಗೆ ಹೊಸ ಬೀಗ, ಒಳಗೇ ಕೂರುವಂಥದ್ದು. ಆ ವಾರವಿಡೀ ಆಸ್ಪತ್ರೆಯಲ್ಲೇ ಎರಡು ಪಾಳಿ, ಸ್ನಾನವೂ ಅಲ್ಲೇ. ಬಿರುಕಮ್ಮ ಕಲ್ಲನ್ನು ಬಿಡದೆ ಅವಳನ್ನು ತಬ್ಬಿಕೊಂಡಳು. ಒಳಗೆ ಹೋಗಿ ಏಣಿ ಹತ್ತಿದಾಗ ಬೆರಳು ತಾಗಿದ್ದು ಸ್ಪಂಜಿಗೆ.

ಆಮೇಲೆ ನಡೆದದ್ದು ನಿಮಗೆ ಗೊತ್ತು. ಯಾರೂ ಸಾಯಲಿಲ್ಲ ಎಂದು ನಗರಸಭೆ ಎದೆ ತಟ್ಟಿಕೊಂಡಿತು, ಯಾರೂ ಸಾಯದಿದ್ದದ್ದೂ ತನ್ನದೇ ಯೋಜನೆ ಎಂಬಂತೆ. ಕೆಲಸಗಾರ್ತಿಯೊಬ್ಬಳ ಅಜಾಗರೂಕತೆ ಎಂದು ಪ್ರಕಟಣೆ ಕೊಟ್ಟಿತು. ಕತ್ತರಿ ಅವಳದು, ನಿಜ. ಕತ್ತರಿಸಿದರೆ ಸಾಕು, ಫೋಟೋ ಚೆನ್ನಾಗಿ ಬಂದರೆ ಸಾಕು ಎಂದು ಸುತ್ತ ನಿಂತು ನಕ್ಕವರ ಹೆಸರು ಪ್ರಕಟಣೆಯಲ್ಲಿ ಬರಲಿಲ್ಲ. ಇನ್ನೊಂದು ಕಡೆ, ಭೂಮಿ ಬಿಸಿಯಾಗುತ್ತಿದೆ ಎಂಬುದೇ ಬೊಗಳೆ ಎನ್ನುವ ಗುಂಪು ಕುಣಿದಾಡಿತು. ಇವರಿಗೆ ಆ ಹುಡುಗಿಯ ಉಸಿರು ಭಾಷಣಕ್ಕೆ ಸಿಕ್ಕ ಸಾಮಾನು. ಇಬ್ಬರಿಗೂ ನಾನು ಹೇಳುವುದು ಇಷ್ಟೇ: ಹೊಗೆ ಇಳಿಯಲೇಬೇಕು. ಆದರೆ ಬೋರ್ಡಿನ ಮೇಲೆ ಹೊಗೆಯ ಲೆಕ್ಕ ಬರೆದವರು ಮನೆಯೊಳಗೆ ಉಸಿರಾಡುವವರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಆ ಬೋರ್ಡನ್ನು ಕಿತ್ತು ಒಲೆಗೆ ಹಾಕಿ.

ಆಕೆಯನ್ನು ಕೆಲಸದಿಂದ ತೆಗೆದರು. ಚಳಿಗಾಲ ಮುಗಿಯುವ ಮುನ್ನ ಮತ್ತೆ ಕರೆದರು, ಕೆಲಸ ಗೊತ್ತಿದ್ದವರು ಸಾಲಲಿಲ್ಲ. ಹೋಗಬೇಡ ಎಂದು ಗಂಡ ಹೇಳಿದ. ಆಕೆ ಹೋದಳು. ನಾನು ಹೋಗದಿದ್ದರೆ ಬಾಲ ಯಾರು ನೋಡುತ್ತಾರೆ ಎಂಬುದು ಅವಳ ಭಯ. ಈಗ ಅವಳದೊಂದು ಪದ್ಧತಿ ಇದೆ. ಕೆಲಸ ಮುಗಿದ ಮೇಲೆ ಮನೆಯವರನ್ನೇ ಏಣಿ ಹತ್ತಿಸಿ, ಕೈಯ ಹಿಂಭಾಗ ಒದ್ದೆ ಮಾಡಿಸಿ, ಕಿಂಡಿಗೆ ಹಿಡಿಸುತ್ತಾಳೆ. ತಣ್ಣಗಾಯಿತು ಎಂದು ಅವರ ಬಾಯಿಂದ ಕೇಳುವ ತನಕ ಚೀಲ ಕಟ್ಟುವುದಿಲ್ಲ. ಇದರಿಂದ ತಡವಾಗುತ್ತದೆ ಎಂದು ಮೇಲಿನವರ ದೂರು.

ಮಗಳು ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ಓದಿದ್ದು ಕೆಲವು ಸಲ ಕೈಜಾರುತ್ತದೆ, ಮಾತಿನ ನಡುವೆ ಒಂದು ಪದಕ್ಕಾಗಿ ತಡಕಾಡುತ್ತಾಳೆ. ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ಮೊನ್ನೆ ಬೆಳಗ್ಗೆ ನಾನು ಆ ಮನೆಗೆ ಹೋದಾಗ ಬಿರುಕಮ್ಮ ನನಗೆ ಇದನ್ನೆಲ್ಲ ಹೇಳುತ್ತಿದ್ದಳು. ಗೀಸರನ್ನು ಕಿತ್ತು ಹೊರಗಿನ ಗೋಡೆಗೆ ಹಾಕಿಸಿದ್ದಾರೆ. ಬಚ್ಚಲಿನ ಬಾಗಿಲಿಗೆ ಚಿಲಕವೇ ಇಲ್ಲ. ಹಜಾರದ ಕಿಟಕಿಯ ಸಂದಿನಲ್ಲಿ ಆ ಹಳೆಯ ಚಪ್ಪಲಿ. ಈಗ ಅದನ್ನು ಅಲ್ಲಿ ಇಡುವವಳು ಸೊಸೆ, ಚಳಿ ಎಂದು ಗೊಣಗುವವರು ಅತ್ತೆ. ಒಳಗೆ ನೀರಿನ ಸದ್ದು ಶುರುವಾಯಿತು. ಹೇಳುತ್ತಿದ್ದವಳು ಅರ್ಧ ವಾಕ್ಯದಲ್ಲಿ ನಿಂತಳು. ಇನ್ನು ಅಲ್ಲಿ ಉರಿಯುವುದೇನೂ ಇಲ್ಲ ಎಂದು ಅವಳಿಗೆ ಗೊತ್ತು. ಆದರೂ ಮಗಳನ್ನು ಕರೆದಳು.

ನೀರು ಬೀಳುತ್ತಲೇ ಇತ್ತು. ಅವಳ ಬೆರಳುಗಳು ಮುದುಡಿ ಹಿಡಿದ ಸೆರಗಿನಲ್ಲಿ ಬಿಳಿಚಿಕೊಂಡವು. ಅತ್ತೆಯ ಗೊಣಗಾಟವೂ ನಿಂತಿತು.

“ಇದ್ದೀನಮ್ಮಾ,” ಎಂದಿತು ಒಳಗಿನ ದನಿ, ಬೇಸರದಲ್ಲಿ.

ಆಕೆ ತಲೆಯಾಡಿಸಿ, ನಿಲ್ಲಿಸಿದಲ್ಲಿಂದ ಮಾತು ಮುಂದುವರಿಸಿದಳು. ಕಿವಿ ಮಾತ್ರ ಇನ್ನೂ ಆ ಬಾಗಿಲಿನ ಕಡೆಗೇ ಇತ್ತು.